ನೋಯದ ಗಂಟು

ಶರೀರದ ಪ್ರತಿಯೊಂದು ಅಂಗಕ್ಕೂ ಕನ್ನಡದಲ್ಲಿ ಹೆಸರಿದೆ. ಆದರೆ ಎಲ್ಲ ಹೆಸರುಗಳಿಗೂ ಮನೆಯ ಪಡಸಾಲೆಯಲ್ಲಿ ಪ್ರವೇಶವಿಲ್ಲ. ಕಣ್ಣು, ಹೊಟ್ಟೆ, ಮೊಣಕಾಲುಗಳ ಬೇನೆಯನ್ನು ಬಂದ ನೆಂಟರ ಮುಂದೆಲ್ಲ ವಿಸ್ತರಿಸಿ ಹೇಳಿಕೊಳ್ಳುವ ನಾವು ಕೆಲವು ಅಂಗಗಳ ಹೆಸರು ಬಂದೊಡನೆ ದನಿ ತಗ್ಗಿಸುತ್ತೇವೆ, ಇಲ್ಲವೆ ಮಾತು ಬದಲಿಸುತ್ತೇವೆ. ಇಂದು ನಾನು ಮಾತನಾಡಹೊರಟಿರುವುದು ಅಂಥದೊಂದು ಅಂಗವನ್ನು ಕುರಿತು: ಎಳೆಯ ಗಂಡುಮಕ್ಕಳ ವೃಷಣದಲ್ಲಿ ಅಪರೂಪವಾಗಿ ಬೆಳೆಯುವ ಗಡ್ಡೆಗಳನ್ನು ಕುರಿತು. ಇದಕ್ಕಾಗಿ ಶ್ರೋತೃಗಳ ಕ್ಷಮೆಯನ್ನು ನಾನು ಯಾಚಿಸುವುದಿಲ್ಲ. ಕ್ಷಮೆ ಕೇಳಿದರೆ ಅದೇ ಸಂಕೋಚಕ್ಕೆ ಮತ್ತೊಂದು ಮಣೆ ಹಾಕಿದಂತಾದೀತು.

ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಈ ವಿಷಯದಲ್ಲೇನು ಅಧಿಕಾರ ಎಂದು ಯಾರಾದರೂ ಕೇಳಬಹುದು. ವೈದ್ಯಕೀಯದ ಸಂಗತಿಗಳನ್ನು ನಾನು ವೈದ್ಯರಿಂದ ಕೇಳಿಯೂ ಗ್ರಂಥಗಳನ್ನು ಓದಿಯೂ ತಿಳಿದವನು; ಅಲ್ಲಿ ನನ್ನದು ಎರವಲು ಜ್ಞಾನ. ಆದರೆ ಈ ರೋಗ ತಡವಾಗಿ ಪತ್ತೆಯಾಗುವುದಕ್ಕೆ ಒಂದು ಕಾರಣ ಮಾತಿನ ಅಭಾವ. ಆ ಭಾಗದಲ್ಲಿ ನನಗೂ ಒಂದಿಷ್ಟು ಹಕ್ಕಿದೆಯೆಂದು ಭಾವಿಸುತ್ತೇನೆ.

ಪದಗಳನ್ನೇ ಮೊದಲು ನೋಡೋಣ. ‘ವೃಷಣ’ ಎಂಬುದು ಪಠ್ಯಪುಸ್ತಕದ ಮಾತು. ಅಡುಗೆಮನೆಯಲ್ಲಿ ಅದನ್ನು ಆಡಿದವರನ್ನು ನಾನು ಕಂಡಿಲ್ಲ. ‘ಅಂಡ’ ಎಂದರೆ ಗೊಂದಲ. ‘ಅಂಡವಾಯು’ ಎಂಬಲ್ಲಿ ಅದು ಗಂಡಸಿನದು, ‘ಅಂಡಾಶಯ’ ಎಂಬಲ್ಲಿ ಹೆಂಗಸಿನದು. ‘ತರಡು’ ಅಚ್ಚಗನ್ನಡದ ಪದ. ಪಾಪ, ಬೈಗುಳದ ಪಾಲಾಗಿ ಮರ್ಯಾದೆ ಕಳೆದುಕೊಂಡಿದೆ. ‘ಬೀಜ’ ಎಂಬುದು ಒಕ್ಕಲುತನದಿಂದ ಬಂದ ಸಹಜವಾದ ರೂಪಕ. ದನದ ಜಾತ್ರೆಯಲ್ಲಿ ಹೋರಿ ಕೊಳ್ಳುವ ರೈತ ಆ ಮಾತನ್ನು ಹತ್ತು ಜನರ ನಡುವೆ ಗಟ್ಟಿಯಾಗಿ ಆಡುತ್ತಾನೆ, ಕೈಯಿಂದ ಮುಟ್ಟಿಯೂ ನೋಡುತ್ತಾನೆ. ಅದೇ ರೈತ ಮನೆಗೆ ಬಂದು ತನ್ನ ಮಗನ ವಿಷಯಕ್ಕೆ ಮೂಕನಾಗುತ್ತಾನೆ. ಸಂಸ್ಕೃತದಲ್ಲಿ ‘ಮುಷ್ಕ’ ಎಂಬ ಇನ್ನೊಂದು ಪದವಿದೆ. ಕಸ್ತೂರಿಗೆ ಇಂಗ್ಲಿಷಿನವರು ಇಟ್ಟುಕೊಂಡಿರುವ ‘ಮಸ್ಕ್’ ಎಂಬ ಹೆಸರಿಗೆ ಮೂಲ ಈ ಪದವೇ ಎಂದು ನಿರುಕ್ತಿಕಾರರು ಹೇಳುತ್ತಾರೆ. ಮದುವೆಮನೆಗೆ ಸುಗಂಧ ಪೂಸಿಕೊಂಡು ಹೋಗುವವರಿಗೆ ಇದು ತಿಳಿಯದಿರುವುದೇ ಒಳ್ಳೆಯದು.

ಪ್ರಾಚೀನರಿಗೆ ಈ ಸಂಕೋಚವಿರಲಿಲ್ಲ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಈ ಅಂಗದ ಬಾವುಗಳನ್ನು ‘ವೃದ್ಧಿ’ ಎಂದು ಕರೆದು 7 ಬಗೆಗಳಾಗಿ ವಿಂಗಡಿಸಿದೆ. ಅವುಗಳಲ್ಲಿ ದ್ರವ ತುಂಬಿಕೊಂಡದ್ದು ಮೂತ್ರವೃದ್ಧಿ, ಕರುಳು ಇಳಿದುಬಂದದ್ದು ಅಂತ್ರವೃದ್ಧಿ. ಹೆಸರು ಬೇರೆಯಾದುದರಿಂದ ಚಿಕಿತ್ಸೆಯೂ ಬೇರೆ. ಅವರು ಬಿಡಿಸಿ ನೋಡಿದುದನ್ನೆಲ್ಲ ನಾವು ‘ಅಂಡವಾಯು’ ಎಂಬ ಒಂದೇ ಗೋಣಿಚೀಲಕ್ಕೆ ತುಂಬಿ ಬಾಯಿ ಕಟ್ಟಿದ್ದೇವೆ. ಚೀಲದೊಳಗೆ ನೀರಿದೆಯೋ ಕರುಳಿದೆಯೋ ಗಡ್ಡೆಯಿದೆಯೋ ಎಂದು ಬಿಚ್ಚಿ ನೋಡುವ ಗೋಜಿಗೆ ಹೋಗುವುದಿಲ್ಲ.

ನಾನು ನೆಲೆಸಿರುವ ತಿತಿಮತಿ ದಕ್ಷಿಣ ಕೊಡಗಿನ ಒಂದು ಸಣ್ಣ ಊರು. ಗೋಣಿಕೊಪ್ಪದಿಂದ ಹುಣಸೂರಿಗೆ ಹೋಗುವ ದಾರಿಯಲ್ಲಿ, ನಾಗರಹೊಳೆಯ ಕಾಡು ಆರಂಭವಾಗುವ ಅಂಚಿನಲ್ಲಿದೆ. ಇಲ್ಲಿಗೆ ಸಮೀಪದ ದೇವರಪುರದಲ್ಲಿ ಪ್ರತಿವರ್ಷ ಮೇ ತಿಂಗಳಲ್ಲಿ ಜೇನುಕುರುಬರು, ಯರವರು ಮೊದಲಾದವರು ಸೇರಿ ಆಚರಿಸುವ ಕುಂಡೆ ಹಬ್ಬದ ಹೆಸರನ್ನು ಹಲವರು ಕೇಳಿರಬಹುದು. ತಮ್ಮನ್ನು ಕಾಡಿನಲ್ಲಿ ಕೈಬಿಟ್ಟು ಹೋದ ದೇವರನ್ನು ಅಂದು ಅವರು ಮನಸಾರೆ ಬೈಯುತ್ತಾರೆ. ಗಂಡಸರು ಹೆಣ್ಣುಡುಗೆ ತೊಟ್ಟು, ಡಬ್ಬ ಬುರುಡೆಗಳನ್ನು ಬಡಿಯುತ್ತ, ಅಂಗಡಿ ಅಂಗಡಿಗೂ ನುಗ್ಗಿ, ಶರೀರದಲ್ಲಿ ಮುಚ್ಚಿಡುವಂಥದು ಏನೇನಿದೆಯೋ ಅಷ್ಟನ್ನೂ ಹೆಸರು ಹಿಡಿದು ಕೂಗುತ್ತಾರೆ. ಯಾರೂ ಕೋಪಿಸಿಕೊಳ್ಳುವಂತಿಲ್ಲ, ಕಾಸು ಕೊಟ್ಟು ನಗಬೇಕು. ಸಂಜೆ ದೇವರಲ್ಲಿ ತಪ್ಪೊಪ್ಪಿಕೊಂಡರೆ ಮುಗಿಯಿತು. ಜಾನಪದ ವಿದ್ವಾಂಸರು ಈ ಹಬ್ಬಕ್ಕೆ ಏನೇನು ಅರ್ಥ ಹಚ್ಚುತ್ತಾರೋ ಹಚ್ಚಲಿ. ನನಗೆ ತೋರುವುದಿಷ್ಟು: ವರ್ಷದಲ್ಲಿ ಒಂದು ದಿನ ಬೀದಿಯಲ್ಲಿ ಆಡಿ ನಗಬಹುದಾದ ಮಾತನ್ನು ಉಳಿದ 364 ದಿನ ವೈದ್ಯರ ಎದುರಿನಲ್ಲಿಯೂ ಆಡಲಾರೆವು.

ಇನ್ನು ರೋಗದ ವಿಚಾರ. ಇದು ಅಪರೂಪದ ರೋಗ ಎಂಬುದನ್ನು ಮೊದಲಿಗೇ ಹೇಳಿಬಿಡಬೇಕು. ಪ್ರತಿವರ್ಷ ಒಂದು ಲಕ್ಷ ಗಂಡುಮಕ್ಕಳಲ್ಲಿ ಒಬ್ಬಿಬ್ಬರಿಗೆ ಬಂದರೆ ಹೆಚ್ಚು. ಮಕ್ಕಳಿಗೆ ಬರುವ ಘನಗಡ್ಡೆಗಳ ಪೈಕಿ ನೂರಕ್ಕೆ ಒಂದೆರಡರಷ್ಟು ಮಾತ್ರ ಈ ಜಾತಿಯವು. ಹುಟ್ಟಿದಂದಿನಿಂದ 3 ವರ್ಷದೊಳಗೆ ಒಮ್ಮೆ, ಮೀಸೆ ಚಿಗುರುವ ವಯಸ್ಸಿನ ಬಳಿಕ ಇನ್ನೊಮ್ಮೆ ಇದರ ಸಂಭವ ಏರುತ್ತದೆ. ಎರಡೂ ಕಾಲದ ಗಡ್ಡೆಗಳ ಸ್ವಭಾವ ಒಂದೇ ಅಲ್ಲ. ತರುಣರ ಗಡ್ಡೆ ಬಹುಮಟ್ಟಿಗೆ ಮಾರಕಜಾತಿಯದು. ಎಳೆಯರ ಗಡ್ಡೆಗಳಲ್ಲಿಯಾದರೋ ನಿರಪಾಯಕಾರಿಯಾದವು ಅನೇಕ. ಅವೇ ಹೆಚ್ಚು ಎಂಬ ಅಭಿಪ್ರಾಯ ಈಚಿನ ದಶಕಗಳಲ್ಲಿ ಬಲಗೊಂಡಿದೆ. ಟೆರಟೋಮಾ ಎಂಬುದು ಅಂಥದೊಂದು. ಅದರೊಳಗೆ ಕೂದಲು, ಮೃದ್ವಸ್ಥಿ, ಒಮ್ಮೊಮ್ಮೆ ಹಲ್ಲಿನ ಚೂರು ಕೂಡ ಇರುವುದುಂಟು. ವಿಕೃತಿ ಎಂದೂ ಅದ್ಭುತ ಎಂದೂ ಅರ್ಥ ಕೊಡುವ ಗ್ರೀಕ್ ಶಬ್ದದಿಂದ ಅದಕ್ಕೆ ಆ ಹೆಸರು ಬಂದಿದೆ. ದೊಡ್ಡವರಲ್ಲಿ ನಂಬಲಾಗದ ಈ ಗಡ್ಡೆ ಎಳೆಯ ಮಕ್ಕಳಲ್ಲಿ ಸಾಧುಪ್ರಾಣಿ. ಎಳೆಯರ ಮಾರಕ ಗಡ್ಡೆಗಳಲ್ಲಿ ಮುಖ್ಯವಾದುದು ಹಳದಿಚೀಲದ ಗಡ್ಡೆ. ಗರ್ಭದ ಮೊದಲ ವಾರಗಳಲ್ಲಿ ಭ್ರೂಣಕ್ಕೆ ಅಂಟಿಕೊಂಡಿರುವ ಪುಟ್ಟ ಚೀಲವೊಂದರ ಜೀವಕೋಶಗಳನ್ನು ಹೋಲುವುದರಿಂದ ಈ ಹೆಸರು. ಆ ಸಂಬಂಧವನ್ನು 1959ರಲ್ಲಿ ವಿಶದಪಡಿಸಿದವನು ಡೆನ್ಮಾರ್ಕಿನ ರೋಗಶಾಸ್ತ್ರಜ್ಞ ಗುನ್ನಾರ್ ಟೈಲುಮ್.

ಇವೆಲ್ಲಕ್ಕೂ ಸಾಮಾನ್ಯವಾದ ಒಂದು ಗುಣವಿದೆ: ಅವು ನೋಯುವುದಿಲ್ಲ. ಅಪಾಯವಿರುವುದು ಇಲ್ಲಿಯೇ. ವೃಷಣ ತಿರುಚಿಕೊಂಡ ಹುಡುಗ ಹೊರಳಾಡಿ ಅಳುತ್ತಾನೆ, ವಾಂತಿ ಮಾಡುತ್ತಾನೆ. ಮನೆಯವರು ಮಧ್ಯರಾತ್ರಿಯಲ್ಲಾದರೂ ಜೀಪು ಹತ್ತಿಸುತ್ತಾರೆ. ಅದು ಸರಿಯೂ ಹೌದು, ಏಕೆಂದರೆ ಅಲ್ಲಿ ಸುಮಾರು 6 ಗಂಟೆಯೊಳಗೆ ಶಸ್ತ್ರಕ್ರಿಯೆ ಆಗದಿದ್ದರೆ ಅಂಗ ಉಳಿಯುವುದು ಕಷ್ಟ. ನೋವು ತನ್ನ ವಕಾಲತ್ತನ್ನು ತಾನೇ ವಹಿಸಿಕೊಳ್ಳುತ್ತದೆ. ಗಡ್ಡೆ ಬೆಳೆದ ಮಗುವಾದರೋ ಆಡುತ್ತದೆ, ಉಣ್ಣುತ್ತದೆ, ನಿದ್ರಿಸುತ್ತದೆ. ಅದರ ಪರವಾಗಿ ಮಾತನಾಡುವವರು ಯಾರು?

ನಮ್ಮ ಕಡೆಯ ಒಂದು ಮನೆಯ ವೃತ್ತಾಂತವನ್ನು, ಹೆಸರು ಕುಲಗಳನ್ನು ಬಿಟ್ಟು, ಇಲ್ಲಿ ಹೇಳುತ್ತೇನೆ. ಮಗುವಿಗೆ ಒಂದೂವರೆ ವರ್ಷ. ವಾರಕ್ಕೆರಡು ಸಲ ಅಜ್ಜಿಯೇ ಎಣ್ಣೆ ತೀಡಿ ನೀರು ಹಾಕುವ ರೂಢಿ. ಎಡಗಡೆಯದು ಬಲಗಡೆಯದಕ್ಕಿಂತ ಗಟ್ಟಿಯಾಗಿದೆ, ಭಾರವಾಗಿದೆ ಎಂದು ಆಕೆಯ ಕೈಗೆ ತಿಳಿಯಿತು. ಹಸಿ ಅಡಕೆಯ ಹಾಗೆ ಎಂದು ಆಮೇಲೆ ನನ್ನೊಡನೆ ಹೇಳಿದರು. ಒತ್ತಿದರೆ ಮಗು ಕಚಗುಳಿಯಿಟ್ಟಂತೆ ನಗುತ್ತಿತ್ತು. ಸೊಸೆಗೆ ಹೇಳಿದರು, ಸೊಸೆ ಗಂಡನಿಗೆ ಹೇಳಿದಳು, ಗಂಡ, ‘ನೀರು ತುಂಬಿರ್ತದೆ, ಬೆಳೀತಾ ಸರಿಹೋಗ್ತದೆ’ ಎಂದ. ಆತ ಹೇಳಿದ್ದು ಪೂರ್ತಿ ಅವಿವೇಕವೂ ಅಲ್ಲ. ಹಸುಗೂಸುಗಳ ಅಂಥ ನೀರು ಬಹುಪಾಲು ಒಂದೆರಡು ವರ್ಷದೊಳಗೆ ತಾನಾಗಿ ಇಂಗುತ್ತದೆ. ಅಷ್ಟರಲ್ಲಿ ಕಾಫಿ ಕುಯ್ಲು ಬಂತು. ಕುಯ್ಲು ಮುಗಿಯುವ ಹೊತ್ತಿಗೆ ಮೆಣಸು ಬಂತು. ಅಜ್ಜಿಗೆ ಮಾತ್ರ ಸಮಾಧಾನವಿರಲಿಲ್ಲ. ಒಂದು ಸಂಜೆ ನಮ್ಮ ಗೇಟಿನ ಬಳಿ ನಿಂತು, ಅತ್ತಿತ್ತ ನೋಡಿ, ‘ಮೇಷ್ಟ್ರೇ, ನೋವಿಲ್ಲದ ಬಾವು ಒಳ್ಳೇದಲ್ವಾ?’ ಎಂದು ಕೇಳಿದರು. ಎಲ್ಲಿ ಬಾವು, ಯಾರಿಗೆ ಬಾವು ಎಂದು ನಾಲ್ಕಾರು ಪ್ರಶ್ನೆ ಕೇಳಿದ ಮೇಲೆ ಸಂಗತಿ ಹೊರಬಿತ್ತು. ನೋವಿಲ್ಲದುದರಿಂದಲೇ ತೋರಿಸಬೇಕು ಎಂದೆ. ಮರುದಿನವೇ ಗೋಣಿಕೊಪ್ಪಕ್ಕೆ ಹೋದರು.

ಅಲ್ಲಿನ ವೈದ್ಯರೊಬ್ಬರು ಮಾಡಿದ ಮೊದಲ ಪರೀಕ್ಷೆ ಬಲು ಸರಳವಾದುದು. ಕೋಣೆಯನ್ನು ಕತ್ತಲು ಮಾಡಿ, ಟಾರ್ಚನ್ನು ಚರ್ಮಕ್ಕೆ ಒತ್ತಿ ಹಿಡಿದರು. ಒಳಗಿರುವುದು ನೀರಾದರೆ ಬೆಳಕು ತೂರಿ ಕೆಂಪಗೆ ಹೊಳೆಯುತ್ತದೆ. ಗಟ್ಟಿ ಪದಾರ್ಥವಾದರೆ ಹೊಳೆಯುವುದಿಲ್ಲ. ಇಲ್ಲಿ ಹೊಳೆಯಲಿಲ್ಲ. ಹೊಳೆದ ಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ ಎಂಬುದನ್ನೂ ಆ ವೈದ್ಯರೇ ನನಗೆ ವಿವರಿಸಿದರು: ಕೆಲವು ಸಲ ಗಡ್ಡೆಯ ಸುತ್ತಲೂ ನೀರು ತುಂಬಿ ಗಡ್ಡೆಯನ್ನೇ ಮರೆಮಾಡುತ್ತದೆ. ಆದ್ದರಿಂದ ಸಂಶಯವಿದ್ದಲ್ಲಿ ಅಲ್ಟ್ರಾಸೌಂಡ್ ಆಗಬೇಕು. ಚುಚ್ಚುವುದಿಲ್ಲ, ನೋಯಿಸುವುದಿಲ್ಲ, ವಿಕಿರಣವೂ ಇಲ್ಲ. ಗಂಟು ವೃಷಣದ ಒಳಗಿದೆಯೋ ಹೊರಗಿದೆಯೋ, ಘನವೋ ದ್ರವವೋ ಎಂಬುದನ್ನು ಕೆಲವೇ ನಿಮಿಷಗಳಲ್ಲಿ ತಿಳಿಸುತ್ತದೆ.

ಎರಡನೆಯದು ರಕ್ತಪರೀಕ್ಷೆ. ಇದರ ಹಿಂದಿರುವ ತತ್ತ್ವ ನನ್ನಂಥವನಿಗೂ ಸೋಜಿಗವೆನಿಸಿತು. ಗರ್ಭದಲ್ಲಿ ಆ ಹಳದಿಚೀಲವೂ ಬಳಿಕ ಶಿಶುವಿನ ಯಕೃತ್ತೂ ಆಲ್ಫಾ ಫೀಟೋಪ್ರೋಟೀನ್ ಎಂಬ ಒಂದು ದ್ರವ್ಯವನ್ನು ತಯಾರಿಸುತ್ತವೆ. ಹುಟ್ಟಿದ ಮೇಲೆ ಅದರ ಕೆಲಸ ಮುಗಿಯಿತು. ವರ್ಷ ತುಂಬುವ ಹೊತ್ತಿಗೆ ರಕ್ತದಲ್ಲಿ ಅದು ಬಹುಮಟ್ಟಿಗೆ ದೊಡ್ಡವರ ಮಟ್ಟಕ್ಕೆ ಇಳಿದಿರುತ್ತದೆ. ಹಳದಿಚೀಲದ ಗಡ್ಡೆ ಬೆಳೆದರೆ ಅದು ತನ್ನ ಹಳೆಯ ಕಸುಬನ್ನು ಮತ್ತೆ ಹಿಡಿಯುತ್ತದೆ. ರಕ್ತದಲ್ಲಿ ಆ ದ್ರವ್ಯ ಮತ್ತೆ ಏರುತ್ತದೆ. 1963ರಲ್ಲಿ ಮಾಸ್ಕೋದ ಗ್ಯಾರಿ ಅಬೆಲೆವ್ ಎಂಬ ವಿಜ್ಞಾನಿ ಗಡ್ಡೆಗೂ ಈ ದ್ರವ್ಯಕ್ಕೂ ಇರುವ ನಂಟನ್ನು ಇಲಿಗಳಲ್ಲಿ ಕಂಡುಹಿಡಿದ. ಆದರೆ ಮೊದಲ ಕೆಲವು ತಿಂಗಳ ಕೂಸಿನಲ್ಲಿ ಇದು ಸಹಜವಾಗಿಯೇ ಹೆಚ್ಚಿರುವುದರಿಂದ ಅಂಕಿಯನ್ನು ನೋಡಿದೊಡನೆ ಎದೆಯೊಡೆದುಕೊಳ್ಳಬೇಕಾಗಿಲ್ಲ. ವಯಸ್ಸಿಗೆ ತಾಳೆ ನೋಡಿ ಅರ್ಥಮಾಡುವುದು ವೈದ್ಯರ ಕೆಲಸ. ಶಸ್ತ್ರಕ್ರಿಯೆಯ ಬಳಿಕವೂ ಈ ಪರೀಕ್ಷೆಯೇ ಕಾವಲುಗಾರ. ಗಡ್ಡೆ ಪೂರ್ತಿ ಹೋಗಿದ್ದರೆ ಪ್ರತಿ 5–7 ದಿನಕ್ಕೊಮ್ಮೆ ಅಂಕಿ ಅರ್ಧರ್ಧವಾಗಿ ಇಳಿಯುತ್ತ ಬರಬೇಕು. ಇಳಿಯದಿದ್ದರೆ ಎಲ್ಲಿಯೋ ಉಳಿದಿದೆಯೆಂದು ಅರ್ಥ.

ಶಸ್ತ್ರಕ್ರಿಯೆಯ ವಿಷಯದಲ್ಲಿ ಮನೆಯವರಿಗೆ ಅರ್ಥವಾಗದೆ ಹೋದ ಒಂದು ಅಂಶವಿತ್ತು. ಗಂಟಿರುವುದು ಕೆಳಗೆ, ಕೊಯ್ಯುವುದು ಮೇಲೆ, ತೊಡೆಸಂದಿನಲ್ಲಿ. ಏಕೆ? ವೃಷಣಗಳು ಹುಟ್ಟುವುದು ಈಗಿರುವ ಜಾಗದಲ್ಲಲ್ಲ. ಭ್ರೂಣಾವಸ್ಥೆಯಲ್ಲಿ ಅವು ಮೂತ್ರಪಿಂಡಗಳ ಬಳಿ ಮೂಡಿ, ಹೆರಿಗೆಯ ಹೊತ್ತಿಗೆ ಹೊಟ್ಟೆಯಿಂದ ತೊಡೆಸಂದಿನ ಕಿರುದಾರಿ ಹಿಡಿದು ಕೆಳಗಿಳಿಯುತ್ತವೆ. ಇಳಿಯುವಾಗ ತಮ್ಮ ರಕ್ತನಾಳಗಳನ್ನೂ ದುಗ್ಧನಾಳಗಳನ್ನೂ ಎಳೆದುಕೊಂಡೇ ಬರುತ್ತವೆ. ತವರನ್ನು ಬಿಟ್ಟರೂ ನಂಟು ಬಿಡದ ಹೆಣ್ಣುಮಗಳಂತೆ. ಆದಕಾರಣ ಗಡ್ಡೆಯ ಕೋಶಗಳು ಹರಡಿದರೆ ಮೊದಲು ಹೋಗುವುದು ಹೊಟ್ಟೆಯ ಹಿಂಭಾಗದ ಗ್ರಂಥಿಗಳಿಗೆ. ಕೆಳಗಿನ ಚೀಲದ ಚರ್ಮದ ದಾರಿಯಾದರೋ ಬೇರೆ; ಅದು ತೊಡೆಸಂದಿನ ಗ್ರಂಥಿಗಳಿಗೆ ಹೋಗುತ್ತದೆ. ಚೀಲವನ್ನು ಸೀಳಿದರೆ, ಸೂಜಿ ಚುಚ್ಚಿ ನೋಡಿದರೆ ಕೂಡ, ಒಂದು ದಾರಿಯ ಕಳ್ಳನಿಗೆ ಇನ್ನೊಂದು ದಾರಿ ತೋರಿಸಿದಂತೆ. ಅದಕ್ಕಾಗಿಯೇ ಮೇಲಿನಿಂದ ತೆರೆದು, ರಕ್ತನಾಳವನ್ನು ಮೊದಲು ಬಿಗಿಹಿಡಿದು, ಆಮೇಲೆ ವೃಷಣವನ್ನು ಹೊರಕ್ಕೆ ತರುತ್ತಾರೆ. ಗಂಟು ಕಂಡ ಕಡೆ ಸೂಜಿ ಹಾಕಿ ನೀರು ತೆಗೆಯುವೆನೆಂದು ಯಾರಾದರೂ ಮುಂದೆ ಬಂದರೆ ಮಗುವನ್ನೆತ್ತಿಕೊಂಡು ಹೊರಟುಬಿಡುವುದು ಲೇಸು.

ರಕ್ತದ ಅಂಕಿ ಹೆಚ್ಚಿಲ್ಲದೆ, ಚಿತ್ರದಲ್ಲಿ ನಿರಪಾಯಕಾರಿಯೆಂದು ತೋರಿದರೆ, ಈಗ ಪೂರ್ತಿ ವೃಷಣವನ್ನು ತೆಗೆಯುವುದಿಲ್ಲ. ಮಗು ಮೇಜಿನ ಮೇಲಿರುವಾಗಲೇ ಗಡ್ಡೆಯ ಚೂರನ್ನು ಹೆಪ್ಪುಗಟ್ಟಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿ, ಸಾಧುವೆಂದು ಖಚಿತವಾದರೆ ಗಡ್ಡೆಯನ್ನಷ್ಟೇ ಬಿಡಿಸಿ ಅಂಗವನ್ನು ಉಳಿಸುತ್ತಾರೆ. ಈ ಮಗುವಿನ ಪಾಲಿಗೆ ಆ ಭಾಗ್ಯವಿರಲಿಲ್ಲ. ಮೈಸೂರಿನಲ್ಲಿ ಪರೀಕ್ಷೆಗಳಾಗಿ, ಬೆಂಗಳೂರಿನಲ್ಲಿ ಶಸ್ತ್ರಕ್ರಿಯೆ ನಿಶ್ಚಯವಾಯಿತು. ಎಡಗಡೆಯದನ್ನು ಪೂರ್ತಿ ತೆಗೆಯಬೇಕು ಎಂದರು.

ಆ ರಾತ್ರಿ ಮನೆಯಲ್ಲಿ ನಡೆದ ಮಾತನ್ನು ಅಜ್ಜಿಯೇ ನನಗೆ ತಿಳಿಸಿದ್ದು. ಮಗನ ಬಾಯಿಂದ ಮೊದಲು ಬಂದ ಪ್ರಶ್ನೆ ವಂಶದ್ದು: ನಾಳೆ ಇವನಿಗೆ ಮಕ್ಕಳಾಗದಿದ್ದರೆ? ಅಜ್ಜಿ, ‘ಗಿಡವೇ ಹೋದ ಮೇಲೆ ಬೀಜದ ಮಾತೇನೋ’ ಎಂದರಂತೆ. ಸೊಸೆ ಒಂದು ಮಾತನ್ನೂ ಆಡಲಿಲ್ಲವಂತೆ. ಆ ಪ್ರಶ್ನೆಗೆ ವೈದ್ಯರ ಉತ್ತರ ಸ್ಪಷ್ಟವಾಗಿತ್ತು. ಉಳಿದ ಒಂದು ಆರೋಗ್ಯವಾಗಿದ್ದರೆ ಗಂಡುತನಕ್ಕೂ ಸಂತಾನಕ್ಕೂ ಸಾಮಾನ್ಯವಾಗಿ ಅಷ್ಟೇ ಸಾಕು. ಗಡ್ಡೆ ಬಂದುದಕ್ಕೆ ಮಗು ಜಗಲಿಯಿಂದ ಬಿದ್ದದ್ದಾಗಲಿ, ತಾಯಿ ಬಸುರಿಯಲ್ಲಿ ತಿಂದದ್ದಾಗಲಿ, ನಾಗರ ಕಾಟವಾಗಲಿ ಕಾರಣವಲ್ಲ. ಬೀಳುವುದರಿಂದ ಗಡ್ಡೆ ಹುಟ್ಟುವುದಿಲ್ಲ. ಬಿದ್ದಾಗ ಯಾರಾದರೂ ಮುಟ್ಟಿ ನೋಡುವುದರಿಂದ ಇದ್ದ ಗಡ್ಡೆ ಕಣ್ಣಿಗೆ ಬೀಳುತ್ತದೆ, ಅಷ್ಟೆ. ನೆಂಟರಿಗೆಲ್ಲ ‘ಹರ್ನಿಯಾ ಆಪರೇಷನ್’ ಎಂದು ಹೇಳಿದರು. ಅದು ಅವರಿಷ್ಟ. ಆದರೆ ನೆಂಟರ ಪೈಕಿ ಇನ್ನೊಬ್ಬಳು ತಾಯಿಗೆ ತಿಳಿಯಬಹುದಾಗಿದ್ದ ಸಂಗತಿಯೂ ಆ ಮಾತಿನ ಹಿಂದೆ ಮರೆಯಾಯಿತು.

ಗಡ್ಡೆ ವೃಷಣದಾಚೆಗೆ ಹರಡಿರಲಿಲ್ಲ. ಎಳೆಯ ಮಕ್ಕಳಲ್ಲಿ ಬಹುಪಾಲು ಹೀಗೆಯೇ. ಅಂಥವರಿಗೆ ಈಗ ಔಷಧಿಯನ್ನೇ ಕೊಡದೆ ಬರಿಯ ಕಾವಲಿನಲ್ಲಿಡುತ್ತಾರೆ: ಮೊದಮೊದಲು ತಿಂಗಳಿಗೊಮ್ಮೆ ರಕ್ತ, ಆಗಾಗ ಹೊಟ್ಟೆ ಎದೆಗಳ ಚಿತ್ರ. ಐದಾರು ಮಕ್ಕಳಲ್ಲಿ ಒಬ್ಬನಿಗೆ ಅದು ಮರಳಬಹುದು. ಮರಳಿದರೂ ಔಷಧಿಗೆ ಬಗ್ಗುತ್ತದೆ. ಈ ರೋಗದ ಮಕ್ಕಳಲ್ಲಿ ನೂರಕ್ಕೆ 90ಕ್ಕೂ ಮಿಕ್ಕವರು ಇಂದು ಬದುಕಿ ಬೆಳೆಯುತ್ತಾರೆ.

ಈ ಭರವಸೆ ಹಿಂದೆ ಇರಲಿಲ್ಲ. ಅದರ ಹಿಂದೆ ಒಂದು ಆಕಸ್ಮಿಕದ ಕಥೆಯಿದೆ. ಅಮೆರಿಕದ ಮಿಷಿಗನ್ನಿನಲ್ಲಿ ಬಾರ್ನೆಟ್ ರೋಸನ್‌ಬರ್ಗ್ ಎಂಬ ವಿಜ್ಞಾನಿ ಬ್ಯಾಕ್ಟೀರಿಯಗಳ ಮೇಲೆ ವಿದ್ಯುತ್ತಿನ ಪರಿಣಾಮವನ್ನು ಪರೀಕ್ಷಿಸುತ್ತಿದ್ದ. ಅವು ಒಡೆದು ಎರಡಾಗುವ ಬದಲು ನೂಲಿನಂತೆ ಉದ್ದುದ್ದ ಬೆಳೆದವು. ವಿದ್ಯುತ್ತು ನಿಮಿತ್ತ ಮಾತ್ರ. ವಿದ್ಯುದ್ವಾರದ ಪ್ಲಾಟಿನಂ ದ್ರಾವಣದಲ್ಲಿ ಕರಗಿ ಕೋಶವಿಭಜನೆಯನ್ನು ತಡೆದಿತ್ತು. 1965ರಲ್ಲಿ ಅದನ್ನು ಪ್ರಕಟಿಸಿದ. ಅದರಿಂದ ಹುಟ್ಟಿದ ಸಿಸ್‌ಪ್ಲಾಟಿನ್ ಎಂಬ ಔಷಧಿಯನ್ನು 1974ರಲ್ಲಿ ಇಂಡಿಯಾನಾದ ಲಾರೆನ್ಸ್ ಐನ್‌ಹಾರ್ನ್ ಬೇರೆರಡು ಔಷಧಿಗಳ ಜೊತೆಗೂಡಿಸಿ, ವೃಷಣದ ಗಡ್ಡೆ ಮೈಯೆಲ್ಲ ಹರಡಿದ ತರುಣರಿಗೆ ಕೊಟ್ಟ. ಬದುಕಲಾರರೆಂದು ಕೈಬಿಟ್ಟವರಲ್ಲಿ ಬಹುಮಂದಿ ಎದ್ದು ನಡೆದರು. ಮಕ್ಕಳಿಗೂ ಅದೇ ಕುಲದ ಔಷಧಿಗಳು ಬಂದವು. ಬೆಲೆಯೂ ಇದೆ: ಸಿಸ್‌ಪ್ಲಾಟಿನ್ ಕಿವಿಯನ್ನು ಮಂದಗೊಳಿಸಬಹುದು, ಮೂತ್ರಪಿಂಡಗಳನ್ನು ದಣಿಸಬಹುದು. ಬೇಕಿಲ್ಲದ ಮಗುವಿಗೆ ಅದನ್ನು ಕೊಡದಿರುವುದಕ್ಕಾಗಿಯೇ ಆ ತಾಳ್ಮೆಯ ಕಾವಲು.

ಕೊಡಗಿನವರಿಗೆ ದೂರದ ತೊಂದರೆಯಿದೆ, ನಿಜ. ಮಡಿಕೇರಿಯಲ್ಲಿ 2016ರಿಂದ ವೈದ್ಯಕೀಯ ಕಾಲೇಜು ನಡೆಯುತ್ತಿದೆ, ಮೈಸೂರು, ಮಣಿಪಾಲಗಳಿವೆ, 1973ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಿದೆ. ಬಡವರ ಖರ್ಚಿಗೆ 2018ರ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯನ್ನು ಕೇಳಿ ತಿಳಿಯಬೇಕು. ತಿತಿಮತಿಯಿಂದ ಬೆಂಗಳೂರು 200 ಕಿಲೋಮೀಟರಿಗೂ ಹೆಚ್ಚು. ಆದರೂ ಆ ಮಗುವಿನ ಪಯಣದಲ್ಲಿ ಹೆಚ್ಚು ಕಾಲ ಹಿಡಿದದ್ದು ಬಚ್ಚಲಿನಿಂದ ನಮ್ಮ ಗೇಟಿನವರೆಗಿನ ದಾರಿ.

ಇನ್ನೆರಡು ಮಾತು ಉಳಿದಿವೆ. ಆರು ತಿಂಗಳು ತುಂಬಿದರೂ ವೃಷಣ ಚೀಲಕ್ಕೆ ಇಳಿಯದಿದ್ದರೆ ತೋರಿಸಬೇಕು. ಒಂದೂವರೆ ವರ್ಷದೊಳಗೆ ಅದನ್ನು ಇಳಿಸಿ ಕೂರಿಸಿದರೆ ಮುಂದೆ ತಾರುಣ್ಯದಲ್ಲಿ ಗಡ್ಡೆಯ ಸಂಭವ ತಗ್ಗುತ್ತದೆ. ಐದಾರು ವರ್ಷದ ಹುಡುಗನಿಗೆ ದನಿ ಒಡೆದು ರೋಮ ಮೂಡಿದರೆ, ‘ನಮ್ಮ ಹುಡುಗ ಬೇಗ ಗಂಡಾದ’ ಎಂದು ತಾತಂದಿರು ಮೀಸೆ ತಿರುವಬಾರದು. ಹಾರ್ಮೋನು ಸುರಿಸುವ ಒಂದು ಜಾತಿಯ ಗಡ್ಡೆ ವೃಷಣದಲ್ಲಿ ಹೀಗೆ ಅಡಗಿರಬಹುದು. ರಕ್ತದ ಕ್ಯಾನ್ಸರ್ ವಾಸಿಯಾದ ಹುಡುಗರಲ್ಲಿ ಆ ರೋಗ ಮರಳುವಾಗ ಕೆಲವೊಮ್ಮೆ ಮೊದಲು ತಲೆಯೆತ್ತುವುದೂ ಇಲ್ಲಿಯೇ, ನೋವಿಲ್ಲದ ಬಾವಾಗಿ.

ಡಾ. ಅನುಪಮಾ ನಿರಂಜನ ಅವರು ಕಿಶೋರಿಯರಿಗಾಗಿ ‘ಕೇಳು ಕಿಶೋರಿ’ ಎಂಬ ಪುಸ್ತಕ ಬರೆದರು. ತಾಯಂದಿರೇ ಮಗಳ ಕೈಗೆ ಅದನ್ನು ಕೊಡುತ್ತಿದ್ದುದನ್ನು ಬಲ್ಲೆ. ಕ್ಯಾನ್ಸರ್ ಪೀಡಿತರಾಗಿ 1991ರಲ್ಲಿ ಅವರು ತೀರಿಕೊಂಡರು. ಕಿಶೋರರಿಗೆ ಅಷ್ಟು ಸಲುಗೆಯಿಂದ ಹೇಳಿದವರು ನಮ್ಮಲ್ಲಿ ಕಡಿಮೆ. ಹುಡುಗ ತಾನೇ ಸ್ನಾನ ಮಾಡಲು ಕಲಿತ ದಿನದಿಂದ ಅಜ್ಜಿಯ ಕೈ ತಪ್ಪುತ್ತದೆ. ಆಮೇಲೆ ಅವನ ಮೈಯನ್ನು ಅರಿಯಬೇಕಾದವನು ಅವನೇ.

ಆ ಹುಡುಗ ಈಗ ಶಾಲೆಗೆ ಹೋಗುತ್ತಾನೆ. ನಮ್ಮ ಬೇಲಿಯ ಸೀಬೆಕಾಯಿಗಳಿಗೆ ಅವನಿಂದ ಉಳಿಗಾಲವಿಲ್ಲ. ಉಳಿದ ಒಂದನ್ನು ದೊಡ್ಡವನಾದ ಮೇಲೆ ತಿಂಗಳಿಗೊಮ್ಮೆ ತಾನೇ ಮುಟ್ಟಿ ನೋಡಿಕೊಳ್ಳಬೇಕು, ಕಬಡ್ಡಿಯಲ್ಲಿ ಪೆಟ್ಟಾಗದಂತೆ ಜೋಪಾನ ಮಾಡಬೇಕು ಎಂದು ವೈದ್ಯರು ಹೇಳಿಕಳಿಸಿದ್ದಾರೆ. ಇದನ್ನು ಅವನಿಗೆ ಯಾರು ಹೇಳುವುದೆಂಬ ಚರ್ಚೆ ಮನೆಯಲ್ಲಿ ನಡೆದು, ಗಂಡ ಒಲ್ಲೆನೆಂದ ಮೇಲೆ ತಾಯಿಯೇ ಹೇಳುವುದೆಂದಾಯಿತು. ಆಕೆ ನನ್ನಲ್ಲಿಗೆ ಬಂದು, ‘ಯಾವ ಪದದಲ್ಲಿ ಹೇಳಲಿ ಸಾರ್?’ ಎಂದು ಕೇಳಿದಳು. ಬೈಗುಳವಲ್ಲದ, ಗೊಂದಲವಿಲ್ಲದ ಪದ ಬೇಕು ಎಂದಳು. ‘ವೃಷಣ ಎಂದೇ ಹೇಳಮ್ಮ’ ಎಂದೆ. ಆಕೆ ಅದನ್ನು ಒಂದೆರಡು ಸಲ ಬಾಯೊಳಗೇ ಅಂದುಕೊಂಡು, ಮೂರನೆಯ ಸಲ ಸ್ವಲ್ಪ ಗಟ್ಟಿಯಾಗಿ ಅಂದಳು.